ಹ್ಯೂ ಲೇನನ ಉಯಿಲು

ಡಬ್ಲಿನ್ ನಗರವನ್ನು ಉತ್ತರ ದಕ್ಷಿಣಗಳೆಂದು ಇಬ್ಭಾಗಿಸಿ ಹರಿಯುವ ಲಿಫಿ ನದಿಯ ಮೇಲೆ, 1816ರಲ್ಲಿ ಎರಕದ ಕಬ್ಬಿಣದಿಂದ ಕಟ್ಟಿದ ಸಣ್ಣದೊಂದು ಕಾಲುಸೇತುವೆ ಇಂದಿಗೂ ಇದೆ; ದಾಟುವವರು ಅರ್ಧ ಪೆನ್ನಿಯ ಸುಂಕವನ್ನು ತೆರಬೇಕಾಗಿದ್ದುದರಿಂದ ಜನರು ಅದನ್ನು ಹೇಪೆನ್ನಿ ಸೇತುವೆಯೆಂದೇ ಕರೆಯುತ್ತ ಬಂದರು. 1913ರ ಸೆಪ್ಟೆಂಬರಿನಲ್ಲಿ ಆ ಊರಿನ ನಗರಸಭೆಯ ಸದಸ್ಯರು ತಮ್ಮ ಮತವನ್ನು ಬೇರೆ ರೀತಿಯಾಗಿ ಚಲಾಯಿಸಿದ್ದರೆ, ಆ ಸೇತುವೆಯ ಎಡೆಯಲ್ಲಿ ನದಿಯ ಎರಡು ದಡಗಳನ್ನೂ ಕೂಡಿಸುವಂತೆ ಭವ್ಯವಾದೊಂದು ಚಿತ್ರಶಾಲೆ ನಿಂತಿರುತ್ತಿತ್ತು. ಮಾನೆ, ಮೊನೆ, ದೆಗಾ, ರೆನ್ವಾರ್ ಮೊದಲಾದ ಫ್ರೆಂಚ್ ಚಿತ್ರಕಾರರ ಕೃತಿಗಳು ಪ್ರವಾಹದ ನೆತ್ತಿಯ ಮೇಲೆ ನೆಲೆಗೊಂಡಿರುತ್ತಿದ್ದುವು. ಹಾಗಾಗಲಿಲ್ಲ. ಸೇತುವೆ ಉಳಿಯಿತು, ಚಿತ್ರಗಳು ಸಮುದ್ರವನ್ನು ದಾಟಿ ಲಂಡನ್ನಿಗೆ ಹೋದುವು, ಅವುಗಳನ್ನು ಮರಳಿ ತರಿಸುವ ಪ್ರಯತ್ನ ನಡೆಯುತ್ತಿದ್ದಂತೆಯೇ ಐರ್ಲೆಂಡು ಸಾಮ್ರಾಜ್ಯದ ಒಂದು ಅಂಗವಾಗಿದ್ದು, ಸ್ವತಂತ್ರ ರಾಜ್ಯವಾಗಿ, ಗಣರಾಜ್ಯವೂ ಆಯಿತು. ವ್ಯಾಜ್ಯ ಮಾತ್ರ ಪೂರ್ಣವಾಗಿ ತೀರಲಿಲ್ಲ.

ಈ ಚಿತ್ರಗಳ ಒಡೆಯನಾದ ಹ್ಯೂ ಲೇನನು 1875ರಲ್ಲಿ ಐರ್ಲೆಂಡಿನ ದಕ್ಷಿಣಭಾಗದ ಕಾರ್ಕ್ ಪ್ರಾಂತದಲ್ಲಿ, ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದನು. ಬೆಳೆದುದು ಬಹುಪಾಲು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ. ಹದಿನೆಂಟರ ಹರೆಯದಲ್ಲಿ ಆತನು ಲಂಡನ್ನಿನ ಕೋಲ್ನಾಘಿ ಎಂಬ ಪ್ರಸಿದ್ಧ ಚಿತ್ರವ್ಯಾಪಾರಿಗಳ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿ, ಮಾಸಿದ ಹಳೆಯ ಪಟಗಳನ್ನು ಶುಚಿಗೊಳಿಸುವಾಗ ಅವುಗಳ ಮೇಲೆ ಕುಳಿತ ಧೂಳಿನ ಅಡಿಯಲ್ಲಿ ಯಾರ ಕೈ ಇದೆಯೆಂಬುದನ್ನು ಗುರುತಿಸುವ ವಿದ್ಯೆಯನ್ನು ತನ್ನ ಕಣ್ಣಿಗೆ ತಾನೇ ಕಲಿಸಿಕೊಂಡನು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಹತ್ತಿದವನಲ್ಲ. ಕಲಾಶಾಸ್ತ್ರದ ಗ್ರಂಥಗಳನ್ನು ಮಥಿಸಿದವನೂ ಅಲ್ಲ. ಆದರೂ ಮೂವತ್ತು ತುಂಬುವುದರೊಳಗೆ ಯೂರೋಪಿನ ಚಿತ್ರವ್ಯಾಪಾರದಲ್ಲಿ ಹೆಸರೂ ಹಣವೂ ಅವನಿಗೆ ಒಲಿದಿದ್ದುವು. ಊಟ, ಪ್ರಯಾಣ ಮೊದಲಾದ ಸ್ವಂತ ಖರ್ಚುಗಳಲ್ಲಿ ಜಿಪುಣನೆನ್ನಿಸುವಷ್ಟು ಬಿಗಿಯಾಗಿದ್ದ ಈ ಮನುಷ್ಯನು ಚಿತ್ರವೊಂದು ಮನಸ್ಸಿಗೆ ಬಂದರೆ ಕೈಯನ್ನು ಹಿಡಿಯುತ್ತಿರಲಿಲ್ಲ. ಮಾಂಟೆಕಾರ್ಲೋದ ಜೂಜುಕಟ್ಟೆಯ ಮುಂದೆಯೂ ಅವನ ಬಿಗಿತನ ಸಡಿಲುತ್ತಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ.

ಲೇನನಿಗೆ ಐರ್ಲೆಂಡಿನ ಹುಚ್ಚನ್ನು ಹಿಡಿಸಿದವರು ಮುಖ್ಯವಾಗಿ ಇಬ್ಬರು ಮಹಿಳೆಯರು. ಒಬ್ಬಾಕೆ ಆತನ ತಾಯಿಯ ತಂಗಿ ಲೇಡಿ ಗ್ರೆಗರಿ. ಕವಿ ಯೇಟ್ಸನೊಡನೆ ಕೂಡಿ ಐರಿಷ್ ನಾಟಕರಂಗವನ್ನು ಕಟ್ಟಿದವಳು. ಇನ್ನೊಬ್ಬಾಕೆ ಸಾರಾ ಪರ್ಸರ್. ಸ್ವತಃ ಚಿತ್ರಕಾರ್ತಿ, ಮಾತಿನಲ್ಲಿ ಹರಿತ, ಕಾರ್ಯದಲ್ಲಿ ಗಟ್ಟಿಗಿತ್ತಿ. ತಮ್ಮ ದೇಶದಲ್ಲಿಯೇ ತಕ್ಕ ಮನ್ನಣೆ ಪಡೆಯದಿದ್ದ ನಥೇನಿಯಲ್ ಹೋನ್ ಮತ್ತು ಜಾನ್ ಬಟ್ಲರ್ ಯೇಟ್ಸ್ ಎಂಬ ಇಬ್ಬರು ಹಿರಿಯ ಚಿತ್ರಕಾರರ (ಎರಡನೆಯವನು ಕವಿಯ ತಂದೆ) ಕೃತಿಗಳನ್ನು 1901ರಲ್ಲಿ ಸಾರಾ ಪರ್ಸರಳು ಡಬ್ಲಿನ್ನಿನಲ್ಲಿ ತನ್ನ ಹೊಣೆಯ ಮೇಲೆ ಪ್ರದರ್ಶನಕ್ಕಿಟ್ಟಳು. ಅದನ್ನು ನೋಡಲು ಬಂದ ಲೇನನು, ಅದುವರೆಗೆ ಹಳೆಯ ಇಟಾಲಿಯನ್ ಡಚ್ ಪಟಗಳ ವ್ಯಾಪಾರದಲ್ಲಿಯೇ ಮುಳುಗಿದ್ದವನು, ತನ್ನ ಕಾಲದವರ ಕಲೆಗೂ ತನ್ನ ನಾಡಿಗೂ ಒಮ್ಮೆಗೇ ಕಣ್ಣು ತೆರೆದನು. 1904ರಲ್ಲಿ ಗೆಳೆಯನಾದ ಚಿತ್ರಕಾರ ವಿಲಿಯಂ ಆರ್ಪೆನ್ನನೊಡನೆ ಪ್ಯಾರಿಸಿಗೆ ಹೋಗಿ, ಇಂಪ್ರೆಷನಿಸ್ಟರೆಂಬ ಹೊಸ ಪಂಥದ ಫ್ರೆಂಚ್ ಚಿತ್ರಕಾರರ ಪರಮಪೋಷಕನಾಗಿದ್ದ ದ್ಯುರಾಂ-ರ್ಯುಯೆಲ್ ಎಂಬ ವ್ಯಾಪಾರಿಯ ಕೋಣೆಗಳಲ್ಲಿ ಹೊಸ ಚಿತ್ರಗಳ ಮುಂದೆ ನಿಂತನು. ಆ ವರ್ಷವೇ ಡಬ್ಲಿನ್ನಿನಲ್ಲಿ ಅಂಥ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿ, ಐರ್ಲೆಂಡಿಗೆ ಆಧುನಿಕ ಕಲೆಯದೊಂದು ಶಾಶ್ವತ ಚಿತ್ರಶಾಲೆ ಬೇಕೆಂದು ಕೂಗನ್ನೆಬ್ಬಿಸಿದನು.

ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆ ಇಂಪ್ರೆಷನಿಸ್ಟರನ್ನು ಹೊಸ್ತಿಲೊಳಕ್ಕೆ ಬಿಟ್ಟುಕೊಳ್ಳದಿದ್ದ ಕಾಲವದು. ಅಂಥ ಕಾಲದಲ್ಲಿ, ಕೈಗಾರಿಕೆ ಸೊರಗಿದ, ಪಾರ್ಲಿಮೆಂಟನ್ನು ಒಂದು ಶತಮಾನದ ಹಿಂದೆಯೇ ಕಳೆದುಕೊಂಡಿದ್ದ, ಶ್ರೀಮಂತರು ಬಿಟ್ಟುಹೋದ ಮಹಲುಗಳಲ್ಲಿ ಬಡವರು ಕೋಣೆಗೊಂದು ಸಂಸಾರದಂತೆ ತುಂಬಿಕೊಂಡಿದ್ದ ಡಬ್ಲಿನ್ನಿನಲ್ಲಿ, 1908ರ ಜನವರಿ 20ರಂದು ಹಾರ್ಕೋರ್ಟ್ ಬೀದಿಯ ಮನೆಯೊಂದರಲ್ಲಿ ನಗರಸಭೆಯ ಆಧುನಿಕ ಚಿತ್ರಶಾಲೆ ತೆರೆಯಿತು. ಕೆಲವು ಚಿತ್ರಗಳನ್ನು ಲೇನನು ನಗರಕ್ಕೆ ನೇರವಾಗಿ ದಾನಮಾಡಿದನು. ಅತ್ಯಂತ ಬೆಲೆಬಾಳುವ ಯೂರೋಪಿನ 39 ಚಿತ್ರಗಳನ್ನು ಮಾತ್ರ, ಯೋಗ್ಯವಾದ ಶಾಶ್ವತ ಕಟ್ಟಡವನ್ನು ನಗರವು ಕಟ್ಟಿಸಬೇಕೆಂಬ ನಿಬಂಧನೆಯ ಮೇಲೆ ಅಲ್ಲಿ ತೂಗುಹಾಕಿದನು. ನಗರಸಭೆ ಅವನಿಗೆ ಪೌರಗೌರವವನ್ನು ಅರ್ಪಿಸಿತು. ಮರುವರ್ಷ ಸರ್ಕಾರ ‘ಸರ್’ ಪದವಿಯನ್ನು ಕೊಟ್ಟಿತು. ಕಟ್ಟಡವನ್ನು ಯಾರೂ ಕೊಡಲಿಲ್ಲ.

(ಈ ಚಿತ್ರಶಾಲೆ ತೆರೆದಾಗ ಡಬ್ಲಿನ್ನಿನ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದು, ಯೇಟ್ಸನ ಬಳಗದಲ್ಲಿ ಓಡಾಡುತ್ತಿದ್ದ ಕವಿಯೊಬ್ಬನು ಕನ್ನಡಿಗರಿಗೆ ಅಪರಿಚಿತನಲ್ಲ. 1913ರಲ್ಲಿ ಐರ್ಲೆಂಡನ್ನು ಬಿಟ್ಟು, 1915ರಲ್ಲಿ ಭಾರತಕ್ಕೆ ಬಂದ ಜೇಮ್ಸ್ ಕಸಿನ್ಸನೇ ಆತ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಸಲಹೆಗಾರನಾದವನು, ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ತರುಣ ಪುಟ್ಟಪ್ಪನವರಿಗೆ ಕನ್ನಡದಲ್ಲಿ ಬರೆಯುವಂತೆ ಹೇಳಿದವನು.)

ಆ 39ರಲ್ಲಿ ಒಂದನ್ನಾದರೂ ಸಮೀಪದಿಂದ ನೋಡದೆ ಮುಂದೆ ಸಾಗುವುದು ಸರಿಯಲ್ಲ. ರೆನ್ವಾರನು ಬರೆದ ‘ಕೊಡೆಗಳು’ ಎಂಬ ಪಟ ಆಳೆತ್ತರದ್ದು. ಪ್ಯಾರಿಸಿನ ಬೀದಿಯಲ್ಲಿ ಮಳೆ ಹಿಡಿದಿದೆಯೋ ಬಿಡುತ್ತಿದೆಯೋ ತಿಳಿಯದ ಗಳಿಗೆ. ಪಟದ ಮೇಲ್ಭಾಗವನ್ನೆಲ್ಲ ನೀಲಿ ಬೂದು ಬಣ್ಣದ ಕೊಡೆಗಳು ಒಂದಕ್ಕೊಂದು ಒತ್ತಿಕೊಂಡು ತುಂಬಿವೆ. ಬಲಗಡೆ, ಆಟದ ಬಳೆಯನ್ನು ಹಿಡಿದ ಪುಟ್ಟ ಹುಡುಗಿಯೊಬ್ಬಳು ನೋಡುವವರ ಕಡೆಗೇ ಕಣ್ಣಿಟ್ಟಿದ್ದಾಳೆ. ಅವಳ ಟೋಪಿ, ಅಂಗಿಯ ಜಾಲರಿ, ಹಿಂದೆ ನಿಂತ ತಾಯಿಯ ಮುಖ, ಎಲ್ಲವೂ ಗರಿಯಿಂದ ತೀಡಿದಂತೆ ಮೃದುವಾಗಿ, ಅಂಚುಗಳಿಲ್ಲದೆ ಬೆಳಕಿನಲ್ಲಿ ಕರಗಿವೆ. ಎಡಗಡೆಗೆ ಬಂದರೆ ಬೇರೆಯೇ ಲೋಕ: ಬರಿದಲೆಯ ಯುವತಿಯೊಬ್ಬಳು, ಕೈಯಲ್ಲಿ ಬುಟ್ಟಿ, ಕೊಡೆಯಿಲ್ಲ, ಒದ್ದೆ ನೆಲಕ್ಕೆ ತಾಗದಂತೆ ಲಂಗವನ್ನು ಮೇಲೆತ್ತಿಕೊಂಡು ನಡೆದಿದ್ದಾಳೆ, ಅವಳ ಹಿಂದಿನಿಂದ ಗಡ್ಡದ ಗೃಹಸ್ಥನೊಬ್ಬನು ತನ್ನ ಕೊಡೆಯ ಆಶ್ರಯವನ್ನು ಕೊಡಲೋ ಬೇಡವೋ ಎಂಬಂತಿದ್ದಾನೆ. ಇಲ್ಲಿಯ ರೇಖೆಗಳು ಗಡುಸು. ಉಡುಪಿನ ಮಡಿಕೆಗಳು ಕಲ್ಲಿನಲ್ಲಿ ಕಡೆದಂತಿವೆ. ಕಾರಣವಿಷ್ಟೆ: ಬಲಭಾಗವನ್ನು 1881ರ ಸುಮಾರಿನಲ್ಲಿ ಬರೆದು, ಪಟವನ್ನು ಹಾಗೆಯೇ ಇಟ್ಟು, ಇಟಲಿಗೆ ಹೋಗಿ ರಾಫೇಲನೇ ಮೊದಲಾದ ಪೂರ್ವಾಚಾರ್ಯರ ಕೃತಿಗಳನ್ನು ಕಂಡು ಮನಸ್ಸು ಬದಲಾದ ರೆನ್ವಾರನು, ನಾಲ್ಕೈದು ವರ್ಷಗಳ ತರುವಾಯ ಎಡಭಾಗವನ್ನು ಹೊಸ ಶೈಲಿಯಲ್ಲಿ ಮುಗಿಸಿದನು. ಒಬ್ಬ ಕಲಾವಿದನ ಹಿಂದಣ ಮತ್ತು ಮುಂದಣ ಜನ್ಮಗಳೆರಡೂ ಒಂದೇ ಚೌಕಟ್ಟಿನಲ್ಲಿ ಹೀಗೆ ಮಗ್ಗುಲು ಮಗ್ಗುಲಾಗಿ ನಿಂತಿರುವುದು ಅಪರೂಪ. ಇದನ್ನು ಪ್ರತಿದಿನವೂ ನೋಡಬಹುದಾಗಿದ್ದ ಡಬ್ಲಿನ್ನಿನವರು ಕಳೆದುಕೊಂಡುದು ಏನೆಂಬುದು ಪಟ್ಟಿಯನ್ನು ಓದಿದರೆ ತಿಳಿಯುವಂಥದಲ್ಲ.

1912ರ ವೇಳೆಗೆ ಲೇನನ ತಾಳ್ಮೆ ತೀರಿತ್ತು. ಕಟ್ಟಡವಾಗದಿದ್ದರೆ ಚಿತ್ರಗಳನ್ನು ಹಿಂದೆಗೆದುಕೊಳ್ಳುವೆನೆಂದನು. ಸೇಂಟ್ ಸ್ಟೀಫನ್ಸ್ ಗ್ರೀನ್ ಎಂಬ ಉದ್ಯಾನವನದಲ್ಲಿ ಸ್ಥಳವನ್ನು ಕೇಳಿದರೆ, ಅದನ್ನು ನಗರಕ್ಕೆ ಬಿಟ್ಟುಕೊಟ್ಟಿದ್ದ ಆರ್ಡಿಲಾನ್ ಪ್ರಭು ಒಪ್ಪಲಿಲ್ಲ. ಕಡೆಗೆ ಹುಟ್ಟಿದುದು ನದಿಯ ಮೇಲಿನ ಚಿತ್ರಶಾಲೆಯ ಕಲ್ಪನೆ. ನಕ್ಷೆಯನ್ನು ಬರೆದವನು ಎಡ್ವಿನ್ ಲಟ್ಯೆನ್ಸ್. ಅದೇ ಕಾಲದಲ್ಲಿ ನವದೆಹಲಿಯ ಅರಮನೆಯ ಯೋಜನೆಯನ್ನು ಕೈಯಲ್ಲಿಟ್ಟುಕೊಂಡಿದ್ದವನು. ದಡಕ್ಕೊಂದರಂತೆ ಎರಡು ಮಂಟಪಗಳು, ಅವುಗಳ ನಡುವೆ ಕಂಬಸಾಲುಗಳ ಸೇತುವೆ: ನೋಡಲು ಮೋಹಕವಾದ ನಕ್ಷೆ. ನಗರಸಭೆ 22,000 ಪೌಂಡುಗಳನ್ನು ಕೊಡಲು ಒಪ್ಪಿತು. ಮಿಕ್ಕುದನ್ನು ಸಾರ್ವಜನಿಕರ ವಂತಿಗೆಯಿಂದ ಕೂಡಿಸಬೇಕಾಗಿತ್ತು.

ಅಲ್ಲಿಂದ ಮುಂದೆ ಎದ್ದ ಆಕ್ಷೇಪಗಳಿಗೆ ಲೆಕ್ಕವಿಲ್ಲ. ನದಿಯ ತೇವಕ್ಕೆ ಚಿತ್ರಗಳು ಕೆಡುವುವೆಂದರು; ಸೂರ್ಯಾಸ್ತದ ನೋಟಕ್ಕೆ ಅಡ್ಡವಾಗುವುದೆಂದರು; ಐರಿಷ್ ಶಿಲ್ಪಿಗಳಿರುವಾಗ ಇಂಗ್ಲೆಂಡಿನವನೇಕೆಂದರು. ಇವುಗಳಿಗೆಲ್ಲ ಸಮಾಧಾನ ಹೇಳಬಹುದಾಗಿತ್ತು. ಸಮಾಧಾನ ಹೇಳಲು ಕಷ್ಟವಾದ ಆಕ್ಷೇಪ ಬಂದುದು ವಿಲಿಯಂ ಮಾರ್ಟಿನ್ ಮರ್ಫಿ ಎಂಬ ಉದ್ಯಮಪತಿಯಿಂದ. ನಗರದ ಟ್ರಾಮುಗಳಿಗೂ ಒಂದು ಪ್ರಬಲ ದಿನಪತ್ರಿಕೆಗೂ ಒಡೆಯನಾಗಿದ್ದ ಆತನು, ಕೊಳೆಗೇರಿಗಳಲ್ಲಿ ಬಡವರು ನರಳುತ್ತಿರುವಾಗ ಫ್ರೆಂಚ್ ಚಿತ್ರಗಳಿಗೆ ತೆರಿಗೆಯ ಹಣವನ್ನು ಸುರಿಯುವುದು ಅನ್ಯಾಯ, ಅದಕ್ಕಿಂತ ಒಂದು ಸಾಲು ಆರೋಗ್ಯಕರವಾದ ಮನೆಗಳೇ ಮೇಲು ಎಂದು ವಾದಿಸಿದನು. ಈ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಡಬ್ಲಿನ್ನಿನಲ್ಲಿ ಆಗ 20,000ಕ್ಕೂ ಹೆಚ್ಚು ಸಂಸಾರಗಳು ಒಂದೊಂದೇ ಕೋಣೆಯಲ್ಲಿ ಬಾಳುತ್ತಿದ್ದುವು. 1913ರ ಸೆಪ್ಟೆಂಬರ್ 2ರ ರಾತ್ರಿ ಚರ್ಚ್ ಬೀದಿಯ ಎರಡು ಶಿಥಿಲ ಮನೆಗಳು ಕುಸಿದು ಏಳು ಮಂದಿ ಸತ್ತರು.

ಆದರೆ ವಾದದ ಬಲವನ್ನು ಅಳೆಯುವಾಗ ವಾದಿಯ ನಡತೆಯನ್ನೂ ಒಂದಿಷ್ಟು ಗಮನಿಸಬೇಕಾಗುತ್ತದೆ. ಬಡವರ ಹೆಸರಿನಲ್ಲಿ ಚಿತ್ರಶಾಲೆಯನ್ನು ವಿರೋಧಿಸಿದ ಇದೇ ಮರ್ಫಿ, ಅದೇ ವರ್ಷದ ಆಗಸ್ಟ್ ಸೆಪ್ಟೆಂಬರುಗಳಲ್ಲಿ, ಜಿಮ್ ಲಾರ್ಕಿನ್ನನ ಕಾರ್ಮಿಕಸಂಘಕ್ಕೆ ಸೇರಿದವರಿಗೆ ಕೆಲಸವಿಲ್ಲವೆಂದು ಇತರ ಮಾಲೀಕರನ್ನೂ ಕೂಡಿಸಿಕೊಂಡು ಬಾಗಿಲು ಮುಚ್ಚಿದವರ ಮುಂದಾಳು. ಸುಮಾರು 20,000 ಕೂಲಿಕಾರರು ಆ ಚಳಿಗಾಲವೆಲ್ಲ ಕೂಲಿಯಿಲ್ಲದೆ ಉಳಿದರು. ಇತ್ತ ಆ ಕೂಲಿಕಾರರ ನಾಯಕನಾದ ಲಾರ್ಕಿನ್ನನು ಚಿತ್ರಶಾಲೆ ಬೇಕೆಂದವರ ಪಕ್ಷ! ಬಡವನಿಗೆ ಚಿತ್ರವೇಕೆಂದು ಸಿರಿವಂತನು ಕೇಳುತ್ತಿದ್ದಾಗ, ಬಡವರ ಮುಖಂಡನು ಬೇಕೆಂದು ಹೇಳುತ್ತಿದ್ದನು. ಮನೆಗಳು ಬೇಡವೆಂದು ಲೇನನ ಕಡೆಯವರಾರೂ ಹೇಳಿರಲಿಲ್ಲ. ಚಿತ್ರಶಾಲೆಯನ್ನು ಕಟ್ಟದೆ ಉಳಿಸಿದ ಹಣದಿಂದ ಕೊಳೆಗೇರಿಗಳೇನೂ ಮಾಯವಾಗಲಿಲ್ಲ.

ಯೇಟ್ಸನು ಸಿಟ್ಟಿನಿಂದ ಬರೆದ ಪದ್ಯ ಸೆಪ್ಟೆಂಬರ್ 8ರಂದು ‘ಐರಿಷ್ ಟೈಮ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ‘ಸೆಪ್ಟೆಂಬರ್ 1913’ ಎಂಬ ಹೆಸರಿನಿಂದ ಅದು ಇಂದು ಐರ್ಲೆಂಡಿನ ಶಾಲಾಬಾಲಕರಿಗೂ ಬರುತ್ತದೆ. ಪದ್ಯ ಉಳಿಯಿತು, ಕಾರ್ಯ ಕೆಟ್ಟಿತು. ಆ ತಿಂಗಳಲ್ಲೇ ನಗರಸಭೆ ಸೇತುವೆಯ ಯೋಜನೆಯನ್ನು ತಿರಸ್ಕರಿಸಿತು. ಲೇನನು 39 ಚಿತ್ರಗಳನ್ನೂ ಗೋಡೆಯಿಂದ ಇಳಿಸಿ ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಗೆ ಎರವಲಾಗಿ ಕಳುಹಿಸಿದನು. ಅಕ್ಟೋಬರ್ 11ರಂದು ಬರೆದ ಉಯಿಲಿನಲ್ಲಿ ಅವುಗಳನ್ನು ಲಂಡನ್ನಿಗೇ ಬಿಟ್ಟುಕೊಟ್ಟನು.

ಲಂಡನ್ನಿನವರು ಈ ಭಾಗ್ಯವನ್ನು ಎದುರುಗೊಂಡ ರೀತಿ ವಿಚಿತ್ರವಾದುದು. ಚಿತ್ರಶಾಲೆಯ ಧರ್ಮದರ್ಶಿಗಳು ಪಟಗಳನ್ನು ಪರೀಕ್ಷಿಸಿ, ಅವುಗಳಲ್ಲಿ 15 ಮಾತ್ರ ತಮ್ಮ ಗೋಡೆಗಳಿಗೆ ಅರ್ಹವೆಂದು ತೀರ್ಮಾನಿಸಿದರು. ಯಾವ ಚಿತ್ರಗಳಿಗಾಗಿ ಮುಂದೆ ಅರ್ಧ ಶತಮಾನ ಅವರು ಪಟ್ಟುಹಿಡಿದು ಕುಳಿತರೋ ಅವುಗಳನ್ನು ಒಮ್ಮೆಗೇ ತೂಗುಹಾಕಲೂ ಅವರಿಗೆ ಆಗ ಮನಸ್ಸು ಬರಲಿಲ್ಲ. ಲೇನನಿಗೆ ಇದು ಎರಡನೆಯ ಅವಮಾನ. ಈ ನಡುವೆ, 1914ರಲ್ಲಿ, ಡಬ್ಲಿನ್ನಿನ ಐರಿಷ್ ರಾಷ್ಟ್ರೀಯ ಚಿತ್ರಶಾಲೆ ಆತನನ್ನು ನಿರ್ದೇಶಕನನ್ನಾಗಿ ನೇಮಿಸಿತು. ಮುರಿದ ಮನಸ್ಸು ಮೆಲ್ಲಮೆಲ್ಲನೆ ಕೂಡಿತು. 1915ರ ಫೆಬ್ರವರಿ 3ರಂದು ಆತನು ತನ್ನ ಕೈಯಿಂದಲೇ ಉಯಿಲಿಗೊಂದು ಅನುಬಂಧವನ್ನು ಬರೆದನು: 39 ಚಿತ್ರಗಳೂ ಡಬ್ಲಿನ್ ನಗರಕ್ಕೆ ಸೇರತಕ್ಕವು, ತಾನು ಸತ್ತ ಐದು ವರ್ಷಗಳೊಳಗೆ ತಕ್ಕ ಕಟ್ಟಡ ಒದಗಬೇಕು. ರುಜು ಹಾಕಿದನು, ಪ್ರತಿ ಪುಟಕ್ಕೂ ಸಂಕ್ಷೇಪಾಕ್ಷರಗಳನ್ನು ಹಾಕಿದನು, ಲಕೋಟೆಯಲ್ಲಿಟ್ಟು, ತಂಗಿ ರೂತ್ ಶೈನಳ ಹೆಸರನ್ನು ಬರೆದು, ಚಿತ್ರಶಾಲೆಯ ತನ್ನ ಮೇಜಿನ ಖಾನೆಯಲ್ಲಿ ಬೀಗಹಾಕಿ ಇಟ್ಟನು. ಸಾಕ್ಷಿಗಳ ರುಜುವನ್ನು ಮಾತ್ರ ಹಾಕಿಸಲಿಲ್ಲ.

ಏಪ್ರಿಲಿನಲ್ಲಿ ವ್ಯಾಪಾರಕ್ಕಾಗಿ ಅಮೆರಿಕಕ್ಕೆ ಹೋದನು. ಆ ದಿನಗಳಲ್ಲೇ, ಮೊದಲನೆಯ ಮಹಾಯುದ್ಧದ ಗಾಯಾಳುಗಳ ಶುಶ್ರೂಷೆಗಾಗಿ ರೆಡ್‌ಕ್ರಾಸಿನವರು ನಡೆಸಿದ ಹರಾಜಿನಲ್ಲಿ, ಪ್ರಸಿದ್ಧ ಚಿತ್ರಕಾರ ಸಾರ್ಜೆಂಟನು ಮುಂದೆಂದೋ ಬರೆಯಲಿರುವ ಒಂದು ಭಾವಚಿತ್ರಕ್ಕೆ, ಎಂದರೆ ಬರಿಯ ಬಿಳಿಯ ಕ್ಯಾನ್‌ವಾಸಿಗೆ, 10,000 ಪೌಂಡುಗಳನ್ನು ಕೂಗಿದ್ದನು. ಮೇ 1ರಂದು ನ್ಯೂಯಾರ್ಕಿನಿಂದ ಹೊರಟ ಲುಸಿಟಾನಿಯಾ ಹಡಗಿನಲ್ಲಿ ಮರಳುತ್ತಿದ್ದಾಗ, ಮೇ 7ರ ಮಧ್ಯಾಹ್ನ, ಜರ್ಮನರ ಜಲಾಂತರ್ಗಾಮಿಯೊಂದರ ಟಾರ್ಪಿಡೊ ತಗುಲಿ ಆ ಮಹಾನೌಕೆ 18 ನಿಮಿಷಗಳಲ್ಲಿ ಮುಳುಗಿತು. ಸತ್ತ ಸುಮಾರು 1,200 ಜನರಲ್ಲಿ ಲೇನನೂ ಒಬ್ಬ. ವಯಸ್ಸು 39. ಹಡಗು ಮುಳುಗಿದುದು ಆತನು ಹುಟ್ಟಿದ ಕಾರ್ಕ್ ಪ್ರಾಂತದ ಕರಾವಳಿಯ ಕಣ್ಣಳತೆಯಲ್ಲಿ.

ಅನುಬಂಧ ಸಿಕ್ಕಿದಾಗ ಅದರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಿಲ್ಲ. ಅಕ್ಷರ ಅವನದೇ, ರುಜು ಅವನದೇ, ಇಚ್ಛೆಯೂ ಸ್ಪಷ್ಟ. ಸ್ಕಾಟ್ಲೆಂಡಿನ ನ್ಯಾಯದ ಪ್ರಕಾರ ಸ್ವಹಸ್ತಾಕ್ಷರದ ಉಯಿಲಿಗೆ ಸಾಕ್ಷಿಗಳು ಬೇಕಿರಲಿಲ್ಲ. ಇಂಗ್ಲೆಂಡ್ ಐರ್ಲೆಂಡುಗಳಲ್ಲಿ 1837ರ ಶಾಸನದಂತೆ ಇಬ್ಬರ ಸಾಕ್ಷಿ ಅಗತ್ಯ. ಹಾಗಾಗಿ ಹಳೆಯ ಉಯಿಲೇ ಊರ್ಜಿತವಾಯಿತು. ಧರ್ಮದರ್ಶಿಗಳು ಕಾನೂನನ್ನು ತೋರಿಸಿದರು. ತಮಗೆ ಬಂದುದನ್ನು ಪರರಿಗೆ ಕೊಡಲು ತಮಗೇ ಅಧಿಕಾರವಿಲ್ಲ, ಪಾರ್ಲಿಮೆಂಟು ಶಾಸನ ಮಾಡಬೇಕು ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿದುದಲ್ಲ.

ಅರುವತ್ತು ಮೀರಿದ್ದ ಲೇಡಿ ಗ್ರೆಗರಿ ಇದನ್ನು ತನ್ನ ಶೇಷಾಯುಷ್ಯದ ವ್ರತವಾಗಿ ಹಿಡಿದಳು. ಒಬ್ಬನೇ ಮಗ 1918ರಲ್ಲಿ ಯುದ್ಧದಲ್ಲಿ ಮಡಿದ ಮೇಲೆಯೂ ಆಕೆ ಪತ್ರ ಬರೆಯುವುದನ್ನು, ಲಂಡನ್ನಿನ ಮಂತ್ರಿಗಳ ಬಾಗಿಲನ್ನು ತಟ್ಟುವುದನ್ನು ನಿಲ್ಲಿಸಲಿಲ್ಲ. ಐರಿಷ್ ಸ್ವಾತಂತ್ರ್ಯದ ಕಡುವೈರಿಯಾಗಿದ್ದ ಎಡ್ವರ್ಡ್ ಕಾರ್ಸನ್ನನನ್ನೂ ಈ ಒಂದು ವಿಷಯದಲ್ಲಿ ತನ್ನ ಪಕ್ಷಕ್ಕೆ ಒಲಿಸಿಕೊಂಡಳು. 1924ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಸಮಿತಿ 1926ರಲ್ಲಿ ಕೊಟ್ಟ ತೀರ್ಪು ವಾದವಿವಾದಗಳ ಇತಿಹಾಸದಲ್ಲಿ ನೆನಪಿಡತಕ್ಕುದು: ಅನುಬಂಧಕ್ಕೆ ರುಜು ಹಾಕುವಾಗ ಅದು ನ್ಯಾಯಬದ್ಧವೆಂದೇ ಲೇನನು ನಂಬಿದ್ದನು, ನಿಜ, ಆದರೆ ಲಂಡನ್ನಿನ ಟೇಟ್ ಚಿತ್ರಶಾಲೆಯಲ್ಲಿ ಈಗ ವಿದೇಶೀಯ ಆಧುನಿಕ ಕಲೆಗಾಗಿ ಕಟ್ಟಿರುವ ಹೊಸ ಕೋಣೆಗಳನ್ನು ಕಂಡಿದ್ದರೆ ಅವನೇ ಅದನ್ನು ಹರಿದುಹಾಕುತ್ತಿದ್ದನು, ಆದುದರಿಂದ ಶಾಸನ ಬೇಡ! ಬರೆದಿಟ್ಟು ಹೋದವನ ಬರಹವನ್ನು ಬದಿಗಿಟ್ಟು, ಬರೆಯದೆ ಹೋದವನ ಮನಸ್ಸನ್ನು ಓದಿದ ಈ ಪಾಂಡಿತ್ಯ ಲೇಡಿ ಗ್ರೆಗರಿಯನ್ನು ಎಷ್ಟು ನೋಯಿಸಿತೆಂಬುದನ್ನು ಊಹಿಸಬಹುದು. ಆಕೆ 1932ರಲ್ಲಿ ತೀರಿಕೊಂಡಳು. ಮರುವರ್ಷ, ಸಾರಾ ಪರ್ಸರಳ ಒತ್ತಾಯದ ಫಲವಾಗಿ, ಹದಿನೆಂಟನೆಯ ಶತಮಾನದಲ್ಲಿ ವಿಲಿಯಂ ಚೇಂಬರ್ಸನು ಕಟ್ಟಿದ್ದ ಷಾರ್ಲ್‌ಮಾಂಟ್ ಮಹಲಿನಲ್ಲಿ ಡಬ್ಲಿನ್ನಿನ ಚಿತ್ರಶಾಲೆಗೆ ಶಾಶ್ವತವಾದ ನೆಲೆ ದೊರಕಿತು. ಲೇನನು ಕೇಳಿದ್ದ ಕಟ್ಟಡ ಕಡೆಗೂ ಸಿದ್ಧವಾಗಿತ್ತು; 39 ಚಿತ್ರಗಳಿಗಾಗಿ ಒಂದು ಕೋಣೆಯನ್ನು ಬರಿದಾಗಿಯೇ ಇಟ್ಟರು.

ಮುಂದಿನ ಎರಡು ದಶಕಗಳಲ್ಲಿ ಹೇಳಿಕೊಳ್ಳುವಂಥದೇನೂ ನಡೆಯಲಿಲ್ಲ. 1956ರ ಏಪ್ರಿಲಿನಲ್ಲಿ ಪಾಲ್ ಹೋಗನ್ ಮತ್ತು ಬಿಲ್ಲಿ ಫೋಗರ್ಟಿ ಎಂಬ ಇಬ್ಬರು ಐರಿಷ್ ವಿದ್ಯಾರ್ಥಿಗಳು, ಹಾಡುಹಗಲಿನಲ್ಲಿ ಟೇಟ್ ಚಿತ್ರಶಾಲೆಯನ್ನು ಹೊಕ್ಕು, ಅಲ್ಲಿಟ್ಟಿದ್ದ, ಆ 39ರಲ್ಲೊಂದಾದ, ಬೆರ್ತ್ ಮೊರಿಸೊ ಬರೆದ, ಸರೋವರದ ದೋಣಿಯಲ್ಲಿ ಕುಳಿತ ಇಬ್ಬರು ಸ್ತ್ರೀಯರ ‘ಬೇಸಗೆಯ ದಿನ’ವನ್ನು ಗೋಡೆಯಿಂದ ತೆಗೆದು, ಕಂಕುಳಲ್ಲಿ ಇಟ್ಟುಕೊಂಡು, ಮುಂಬಾಗಿಲಿನಿಂದಲೇ ಹೊರಕ್ಕೆ ನಡೆದರು. ಮೆಟ್ಟಿಲ ಬಳಿ ಛಾಯಾಗ್ರಾಹಕನೊಬ್ಬನನ್ನು ಮೊದಲೇ ನಿಲ್ಲಿಸಿದ್ದರು. ಕೆಲವು ದಿನಗಳಲ್ಲಿ ಪಟವು ಲಂಡನ್ನಿನ ಐರಿಷ್ ರಾಯಭಾರ ಕಛೇರಿಯಲ್ಲಿ ಸುರಕ್ಷಿತವಾಗಿ ಪ್ರತ್ಯಕ್ಷವಾಯಿತು. ಕಳವನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಆದರೂ ಸಮಿತಿಗಳೂ ಮನವಿಗಳೂ ನಲವತ್ತು ವರ್ಷಗಳಲ್ಲಿ ಮಾಡಲಾರದ ಪ್ರಚಾರವನ್ನು ಆ ಒಂದು ಛಾಯಾಚಿತ್ರ ಒಂದೇ ದಿನದಲ್ಲಿ ಮಾಡಿತೆಂಬುದನ್ನು ಒಪ್ಪಬೇಕು. 1959ರಲ್ಲಿ ಒಡಂಬಡಿಕೆಯಾಯಿತು: ಚಿತ್ರಗಳನ್ನು ಎರಡು ಪಾಲುಮಾಡಿ, ಐದೈದು ವರ್ಷಗಳಿಗೊಮ್ಮೆ ಎರಡೂ ನಗರಗಳು ಅದಲುಬದಲು ಮಾಡಿಕೊಳ್ಳತಕ್ಕದ್ದು. ಆಮೇಲಿನ ಒಡಂಬಡಿಕೆಗಳು ಡಬ್ಲಿನ್ನಿನ ಪಾಲನ್ನು ಹೆಚ್ಚಿಸುತ್ತ ಬಂದುವು. 1993ರಿಂದೀಚೆಗೆ ಬಹುಪಾಲು ಚಿತ್ರಗಳು ಅಲ್ಲಿಯೇ ನೆಲಸಿವೆ. 2008ರಲ್ಲಿ, ಚಿತ್ರಶಾಲೆಗೆ ನೂರು ತುಂಬಿದಾಗ, 39ನ್ನೂ ಡಬ್ಲಿನ್ನಿನಲ್ಲಿ ಒಟ್ಟಿಗೆ ತೂಗುಹಾಕಿದರು.

ಈ ವ್ಯಾಜ್ಯದಲ್ಲಿ ತಪ್ಪು ಯಾರದು? ಲಂಡನ್ನಿನವರ ನಡತೆಯಲ್ಲಿ ಔದಾರ್ಯವಿರಲಿಲ್ಲ; ಲೇನನ ಹಟದಲ್ಲಿಯೂ ಅಹಂಕಾರದ ಅಂಶವಿತ್ತು. ಆದರೆ ಐದು ವರ್ಷಗಳ ಕಾಲ ಚಿತ್ರಗಳು ತಮ್ಮ ಊರಿನ ಗೋಡೆಯ ಮೇಲೆಯೇ ಇದ್ದಾಗ ಅವುಗಳಿಗೊಂದು ಸೂರನ್ನು ಕಟ್ಟಲಾರದೆ ಹೋದವರು ಡಬ್ಲಿನ್ನಿನವರೇ. ಮೊದಲ ತಪ್ಪು ಅಲ್ಲಿಯದೆಂದೇ ನನ್ನ ಅಭಿಪ್ರಾಯ.

ಶಾಸನದ ದೃಷ್ಟಿಯಲ್ಲಿ ಒಡೆತನ ಇಂದಿಗೂ ಲಂಡನ್ನಿನದೇ. 2021ರ ಒಪ್ಪಂದದ ಮೇರೆಗೆ, ಹೆಸರಾಂತ ಹತ್ತು ಚಿತ್ರಗಳು ಐದೈದರ ಎರಡು ತಂಡಗಳಾಗಿ ಎರಡು ನಗರಗಳ ನಡುವೆ ಸರದಿಯಂತೆ ಓಡಾಡುತ್ತಿವೆ. ರೆನ್ವಾರನ ‘ಕೊಡೆಗಳು’ ಅವುಗಳಲ್ಲೊಂದು. ಅದನ್ನು ಕಣ್ಣಾರೆ ನೋಡಬೇಕೆಂದು ಅತ್ತ ಪ್ರಯಾಣ ಬೆಳೆಸುವ ಕನ್ನಡಿಗರು, ಆ ವರ್ಷ ಅದು ಸಮುದ್ರದ ಯಾವ ದಡದಲ್ಲಿದೆಯೆಂಬುದನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಲೇಸು.